ನಿಲ್ಲಿಸಿ ತೋರಿಸಿ

ವೈರ್‌ಮನ್ನರ ಕೈ ಮುಖ್ಯ ಸ್ವಿಚ್ಚಿನ ಹಿಡಿಕೆಯ ಮೇಲಿತ್ತು. ಪರದೆಯ ಮೇಲೆ ಒಂದರ ಪಕ್ಕ ಒಂದು ಚುಕ್ಕೆ ಮೂಡುತ್ತಿತ್ತು. ಸಾಲು ಮಾತ್ರ ಮುಗಿಯುತ್ತಿರಲಿಲ್ಲ.

"ಇನ್ನೂ ಎಷ್ಟು ಹೊತ್ತಮ್ಮ?" ಎಂದರು ನಿರ್ದೇಶಕರು.

"ನಿಲ್ತಾ ಇದೆ ಸಾರ್."

"ನಿಲ್ತಾ ಇದೆ, ನಿಲ್ತಾ ಇದೆ ಅಂತ ಆಗಿಂದ ಹೇಳ್ತಾನೇ ಇದ್ದೀಯ. ಎರಡು ಮಷೀನು ಗಪ್‌ಚುಪ್ ನಿಂತವು. ಇದಕ್ಕೇನು ಅಂಥ ದೊಡ್ಡ ರೋಗ? ಪ್ಲಗ್ ಕಿತ್ತು ಹಾಕು, ತಾನೇ ನಿಲ್ಲತ್ತೆ."

ನಾನು ಬಾಗಿಲ ಕಡೆ ತಿರುಗಿದೆ. ತೆರೆದ ಬಾಗಿಲಿನಾಚೆ, ಕಾರಿಡಾರಿನ ಮರದ ಬೆಂಚಿನ ಮೇಲೆ, ಬಿಳಿ ಕೋಟೊಂದನ್ನು ತೊಡೆಯ ತುಂಬ ಹರಡಿಕೊಂಡು, ನನಗೆ ಈ ಕೆಲಸ ಕಲಿಸಿದ ಹಿರಿಯರು ಗುಂಡಿ ಹೊಲಿಯುತ್ತಿದ್ದರು. ನಿರ್ದೇಶಕರ ಮಾತು ಅವರಿಗೆ ಕೇಳಿಸಿತ್ತು. ಸೂಜಿ ಒಂದು ಗಳಿಗೆ ಗಾಳಿಯಲ್ಲೇ ನಿಂತದ್ದನ್ನು ನಾನು ಕಂಡೆ. ಆಮೇಲೆ ಅದು ಬಟ್ಟೆಯೊಳಗೆ ಹೋಯಿತು, ಹೊರಗೆ ಬಂತು. ಅವರು ತಲೆ ಎತ್ತಲಿಲ್ಲ.

ಆಗ ಅವರು ಎದ್ದು ಹೊಸ್ತಿಲು ದಾಟಿದ್ದರೆ ಈ ಅಭಿನಂದನ ಗ್ರಂಥ ಈಗ ಅಚ್ಚಾಗುತ್ತಿರಲಿಲ್ಲ. ಅವರೂ ನಿರ್ದೇಶಕರೂ ಮಾಡಿಕೊಂಡ ಮಾತು ಹಾಗಿತ್ತು. ಹೊಸ ವಿದ್ಯುತ್ ಫಲಕ ಕೂರಿಸಲು ಆ ಭಾನುವಾರ ಆಸ್ಪತ್ರೆಯ ನಾಲ್ಕೂ ಗಣಕಯಂತ್ರಗಳನ್ನು ನಿಲ್ಲಿಸಿ ಮತ್ತೆ ಏಳಿಸಬೇಕು. ಅವರ ಕೈ ಸೋಕದೆ ನಾನು ಅದನ್ನು ಮಾಡಿ ಮುಗಿಸಿದರೆ ಅವರು ತಿಂಗಳ ಕೊನೆಗೆ ನಿವೃತ್ತರಾಗಬಹುದು. ಒಂದೇ ಒಂದು ಕೀಲಿ ಅವರು ಒತ್ತಬೇಕಾಗಿ ಬಂದರೂ ಇನ್ನೆರಡು ವರ್ಷ ಉಳಿಯಬೇಕು.

ಯೂನಿಕ್ಸ್ ಎಂಬ ಮನೆತನದ ಯಂತ್ರಗಳನ್ನು ನೋಡಿಕೊಳ್ಳುವವರ ಲೋಕದಲ್ಲಿ ಹೆಸರು ಬಂದವರು ಬಹುಮಟ್ಟಿಗೆ ಏನನ್ನಾದರೂ ಆರಂಭಿಸಿದವರು, ಕಟ್ಟಿದವರು, ವೇಗ ಹೆಚ್ಚಿಸಿದವರು. ಈ ಗ್ರಂಥ ಯಾರ ಗೌರವಕ್ಕಾಗಿ ಸಿದ್ಧವಾಗಿದೆಯೋ ಆ ಹಿರಿಯರು ತಮ್ಮ ಸೇವಾವಧಿಯ ಉದ್ದಕ್ಕೂ ಮನಸ್ಸು ಕೊಟ್ಟದ್ದು ಇನ್ನೊಂದು ತುದಿಗೆ. ಓಡುತ್ತಿರುವುದನ್ನು ನೋವಾಗದಂತೆ, ಏನೂ ಚೆಲ್ಲದಂತೆ ನಿಲ್ಲಿಸುವುದು ಹೇಗೆ ಎಂಬುದೇ ಅವರ ವಿದ್ಯೆ. ಯಂತ್ರ ಓಡುತ್ತಿರುವ ದಿನ ಯಾರೂ ಅದನ್ನು ಕೇಳುವುದಿಲ್ಲ. ಅದು ಬೇಕಾದ ದಿನ ಕಲಿಯಲು ಸಮಯವಿರುವುದಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಹುದ್ದೆಯ ಹೆಸರಿನಿಂದ ಕರೆದವರು ಕಡಿಮೆ. ಬಹಳ ಹಿಂದೆ ಅವರ ತಂಗಿಯ ಮಗಳು ಶಾಲೆ ಬಿಟ್ಟವಳು ನೇರವಾಗಿ ಗಣಕದ ಕೋಣೆಗೆ ಬಂದು, ಯಂತ್ರಗಳ ಸದ್ದನ್ನೂ ಮೀರಿ "ದೊಡ್ಡಮ್ಮಾ, ಹಸಿವು!" ಎಂದು ಕೂಗಿದಳಂತೆ. ಆ ಮಗು ಈಗ ಬೇರೆ ಊರಿನಲ್ಲಿ ದಂತವೈದ್ಯೆ. ಕೂಗು ಮಾತ್ರ ಇಲ್ಲೇ ಉಳಿಯಿತು. ಶಸ್ತ್ರವೈದ್ಯರಿಂದ ಹಿಡಿದು ಬಟ್ಟೆ ಒಗೆಯುವವರ ತನಕ ಎಲ್ಲರಿಗೂ ಅವರು ದೊಡ್ಡಮ್ಮ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಗಣಕದ ಕೋಣೆ ಇರುವುದು ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿ. ಒಂದು ಗೋಡೆ ಸದಾ ಬಿಸಿ, ಉಳಿದ ಮೂರು ತಂಪು. ಬಾಗಿಲು ತೆರೆದರೆ ಸೋಪಿನ ಆವಿ, ಮುಚ್ಚಿದರೆ ತಂಪು ಯಂತ್ರದ ಒಣಗಾಳಿ. ದೊಡ್ಡಮ್ಮ ಸೇರಿದಾಗ ಅಲ್ಲಿದ್ದದ್ದು ಒಂದೇ ಯಂತ್ರ. ರೋಗಿಗಳ ದಾಖಲಾತಿ ನೋಡಿಕೊಳ್ಳುತ್ತಿದ್ದ ಅದಕ್ಕೆ ಅವರು ಇಟ್ಟ ಹೆಸರು ಅಜ್ಜ. ಅಜ್ಜನದು ಹಳೆಯ ಕಾಲದ ಶಿಸ್ತು. ಯಾವ ಕೆಲಸ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬುದಕ್ಕೆ ಸಂಖ್ಯೆ ಕಟ್ಟಿದ ಪುಟ್ಟ ಸ್ಕ್ರಿಪ್ಟುಗಳು, ಎಂದರೆ ಆಜ್ಞೆಗಳ ಪಟ್ಟಿಗಳು. ಎಸ್ ಅಕ್ಷರದಿಂದ ಶುರುವಾಗುವ ಹೆಸರಿನವು ಏಳಿಸಲಿಕ್ಕೆ, ಕೆ ಅಕ್ಷರದವು ಮಲಗಿಸಲಿಕ್ಕೆ. ಅಜ್ಜ ಸಣ್ಣ ಸಂಖ್ಯೆಯಿಂದ ದೊಡ್ಡ ಸಂಖ್ಯೆಯ ತನಕ ಸಾಲಾಗಿ ಎಲ್ಲರನ್ನೂ ಕರೆಯುತ್ತಾನೆ.

"ಒಂದು ಕೆಲಸದ ಎಸ್ ನಂಬರೂ ಕೆ ನಂಬರೂ ಕೂಡಿದ್ರೆ ನೂರು ಆಗಬೇಕು," ಎಂದು ನನಗೆ ಮೊದಲ ವಾರದಲ್ಲೇ ಹೇಳಿಕೊಟ್ಟರು. "ಇಪ್ಪತ್ತಕ್ಕೆ ಎದ್ದೋನು ಎಂಬತ್ತಕ್ಕೆ ಮಲಗ್ತಾನೆ. ಮನೇಲಿ ಮೊದಲು ಎದ್ದು ಒಲೆ ಹಚ್ಚೋರು ಯಾರು? ಕೊನೇಲಿ ಬಾಗಿಲು ಹಾಕೋರು ಯಾರು?"

"ನಮ್ಮಮ್ಮ," ಎಂದೆ.

"ಎರಡೂ ಅವರೇ ಅಲ್ವಾ? ಅಷ್ಟೇ ಇದು. ಬೇರೆಯವರೆಲ್ಲ ಅವರನ್ನ ನೆಚ್ಕೊಂಡಿರ್ತಾರೆ. ಅವರು ಮೊದಲು ಮಲಗಿಬಿಟ್ರೆ ಉಳಿದವರು ಕತ್ತಲಲ್ಲಿ ಗೋಡೆ ತಡವ್ತಾರೆ."

ಆಸ್ಪತ್ರೆ ಬೆಳೆದಂತೆ ಇನ್ನೂ ಮೂರು ಯಂತ್ರಗಳು ಬಂದವು. ಮೂರೂ ಯೂನಿಕ್ಸ್ ಮನೆತನದವೇ, ಆದರೆ ಬೇರೆ ಬೇರೆ ಕವಲಿನವು. ಒಂದೇ ಆಜ್ಞೆ ಕೊಟ್ಟರೂ ಒಂದೊಂದು ಒಂದೊಂದು ರೀತಿ ಏಳುತ್ತಿತ್ತು, ಒಂದೊಂದು ರೀತಿ ಮಲಗುತ್ತಿತ್ತು. ಔಷಧ ವಿಭಾಗದ ಯಂತ್ರ ಚಿಕ್ಕಜ್ಜಿ. ಅದರಲ್ಲಿ ಸಂಖ್ಯೆಯೇ ಇಲ್ಲ. ತಾನು ಏನು ಕೊಡುತ್ತೇನೆ, ತನಗೆ ಯಾರು ಮೊದಲು ಬೇಕು ಎಂದು ಪ್ರತಿ ಸ್ಕ್ರಿಪ್ಟೂ ತನ್ನ ಹಣೆಯ ಮೇಲೆ ಬರೆದುಕೊಂಡಿರುತ್ತದೆ. ಯಂತ್ರ ಎಲ್ಲರ ಹಣೆ ಓದಿ ತಾನೇ ಸರದಿ ಕಟ್ಟುತ್ತದೆ. ಆದರೆ ಯಂತ್ರವನ್ನು ಮಲಗಿಸುವಾಗ ನನ್ನನ್ನೂ ಕರೆಯಿರಿ ಎಂದು ಬೇರೆಯಾಗಿ ಬರೆದುಕೊಳ್ಳದವರನ್ನು ಅದು ಕರೆಯುವುದೇ ಇಲ್ಲ. "ಚಿಕ್ಕಜ್ಜಿ ಮಾತು ಕಮ್ಮಿ. ಕೇಳಿದ್ರೆ ಮಾತ್ರ ಕೊಡ್ತಾಳೆ," ಎನ್ನುತ್ತಿದ್ದರು ದೊಡ್ಡಮ್ಮ.

ಪ್ರಯೋಗಾಲಯದ ಯಂತ್ರ ಭಾವ. ನೋಡಲಿಕ್ಕೆ ಅಜ್ಜನ ಹಾಗೆಯೇ: ಅದೇ ಎಸ್, ಅದೇ ಕೆ, ಅದೇ ಸಂಖ್ಯೆಗಳು. "ನಮ್ಮ ಮನೆಯವನ ಥರಾನೇ ಓಡಾಡ್ತಾನೆ. ಆದ್ರೆ ಬೆಳೆದದ್ದು ಬೇರೆ ಮನೇಲಿ." ಈ ಮಾತನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆ ನಗೆಯ ಹಿಂದೆ ಇದ್ದದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದು ಸಲ್ಲದು ಎಂದು ನಾನು ಬಿಟ್ಟಿದ್ದೆ. ಕರಡು ಓದಿದ ದೊಡ್ಡಮ್ಮ ಕನ್ನಡಕ ತೆಗೆದು, "ಭಾವನ ಕತೆ ಎಲ್ಲಿ?" ಎಂದರು. "ಅದನ್ನ ಬರೀದೆ ಇದ್ರೆ ಉಳಿದದ್ದೂ ಬರೀಬೇಡ." ಅವರ ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಆಗ ನಾನಿನ್ನೂ ಸೇರಿರಲಿಲ್ಲ. ಈಗ ಪ್ರಯೋಗಾಲಯದ ಮುಖ್ಯಸ್ಥೆಯಾಗಿರುವ, ಈ ಗ್ರಂಥದ ಸಂಪಾದಕರೂ ಆಗಿರುವ ವೈದ್ಯೆ ಅಂದು ಅವರ ಜೊತೆಗಿದ್ದರು. ಅವರಿಂದ ಕೇಳಿದ್ದು ಇದು.

ಭಾವನನ್ನು ತಂದು ಕೂರಿಸಿದಾಗ ಪ್ರಯೋಗಾಲಯದ ಕಾರ್ಯಕ್ರಮವನ್ನು ಏಳಿಸುವ, ನಿಲ್ಲಿಸುವ ಸ್ಕ್ರಿಪ್ಟನ್ನು ದೊಡ್ಡಮ್ಮ ಅಜ್ಜನಿಂದಲೇ ನಕಲು ಮಾಡಿ ಹಾಕಿದರು. ಕೈಯಿಂದ ಏಳಿಸಿದರು, ಎದ್ದಿತು. ಕೈಯಿಂದ ನಿಲ್ಲಿಸಿದರು, ಸರಿಯಾಗಿ ನಿಂತಿತು. ಸಂಖ್ಯೆಗಳನ್ನು ಕೂಡಿ ನೂರಾಗುವುದನ್ನೂ ನೋಡಿದರು. ಆದರೆ ಇಡೀ ಯಂತ್ರವನ್ನು ಮಲಗಿಸಿ ನೋಡಲಿಲ್ಲ. ಯಾಕೆ ನೋಡಬೇಕು? ಅಜ್ಜನಲ್ಲಿ ವರ್ಷಗಟ್ಟಲೆ ನಡೆದ ಸ್ಕ್ರಿಪ್ಟು ಅದು.

ಅಜ್ಜ ಮಲಗುವಾಗ ಕೆ ಅಕ್ಷರದ ಎಲ್ಲರನ್ನೂ ತಪ್ಪದೆ ಕರೆದು "ನಿಲ್ಲು" ಎನ್ನುತ್ತಾನೆ. ಭಾವ ಹಾಗಲ್ಲ. ಪ್ರತಿ ಕೆಲಸವೂ ಎದ್ದ ಕೂಡಲೇ ಒಂದು ಗೊತ್ತಾದ ಜಾಗದಲ್ಲಿ ತನ್ನ ಹೆಸರಿನ ಖಾಲಿ ಫೈಲೊಂದನ್ನು ಹಾಜರಿಯ ಗುರುತಾಗಿ ಇಡಬೇಕು. ಮಲಗುವ ಹೊತ್ತಿಗೆ ಭಾವ ಆ ಗುರುತು ಹುಡುಕುತ್ತಾನೆ. ಗುರುತಿಲ್ಲದವರು ಎದ್ದೇ ಇಲ್ಲ ಎಂದು ಲೆಕ್ಕ. ಅವರನ್ನು ಕರೆಯದೆ ಮುಂದೆ ಹೋಗುತ್ತಾನೆ. ಅಜ್ಜನ ಮನೆಯಲ್ಲಿ ಬೆಳೆದ ಸ್ಕ್ರಿಪ್ಟಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅದು ಗುರುತು ಇಟ್ಟಿರಲಿಲ್ಲ.

ತಂಪು ಯಂತ್ರ ಬದಲಾಯಿಸಲೆಂದು ಒಂದು ಮಧ್ಯಾಹ್ನ ಎಲ್ಲವನ್ನೂ ನಿಲ್ಲಿಸಬೇಕಾಗಿ ಬಂತು. ಭಾವ ಬಹಳ ಬೇಗ ಮಲಗಿದ. ಎಷ್ಟು ಬೇಗ ಎಂದರೆ ದೊಡ್ಡಮ್ಮನಿಗೆ ಖುಷಿಯಾಯಿತಂತೆ. ನಿಜಕ್ಕೂ ನಡೆದದ್ದು ಇಷ್ಟು: ಪ್ರಯೋಗಾಲಯದ ಕಾರ್ಯಕ್ರಮಕ್ಕೆ "ನಿಲ್ಲು" ಎಂದು ಯಾರೂ ಹೇಳಲೇ ಇಲ್ಲ. ಕೊನೆಗೆ ಉಳಿದವರನ್ನೆಲ್ಲ ಒಟ್ಟಿಗೆ ಕೊಲ್ಲುವ ಸರದಿಯಲ್ಲಿ ಅದೂ ಸತ್ತಿತು. ಆ ಬೆಳಿಗ್ಗೆಯ ರಕ್ತಪರೀಕ್ಷೆಗಳ ಫಲಿತಾಂಶಗಳು ಆಗಿನ್ನೂ ಅದರ ನೆನಪಿನಲ್ಲಿದ್ದವು, ಡಿಸ್ಕಿಗೆ ಇಳಿದಿರಲಿಲ್ಲ. ಯಂತ್ರ ಮತ್ತೆ ಎದ್ದಾಗ ಅವು ಎಲ್ಲೂ ಇರಲಿಲ್ಲ. ಮಾದರಿಗಳನ್ನು ಅಷ್ಟರಲ್ಲಿ ಎಸೆದಾಗಿತ್ತು.

ಆಗಿನ ನಿರ್ದೇಶಕರು, ತಾಂತ್ರಿಕ ದೋಷ ಎಂದು ಹೇಳಿ ಮತ್ತೆ ರಕ್ತ ತೆಗೆಯಲು ದಾದಿಯರಿಗೆ ಸೂಚನೆ ಕಳಿಸಿ ಎಂದರು. ದೊಡ್ಡಮ್ಮ ಕಳಿಸಲಿಲ್ಲ. ಮೆಟ್ಟಿಲು ಹತ್ತಿ ವಾರ್ಡಿಗೆ ಹೋದರು. ಒಂದೊಂದು ಹಾಸಿಗೆಯ ಬಳಿಯೂ ನಿಂತು, "ನಿಮ್ಮ ರಕ್ತ ಇನ್ನೊಂದು ಸಲ ತೆಗೀಬೇಕಾಗಿದೆ. ಬೆಳಿಗ್ಗೆ ತೆಗೆದದ್ದರ ಫಲಿತಾಂಶ ಹೋಯ್ತು. ತಪ್ಪು ನನ್ನದು," ಎಂದರು.

"ಏನಮ್ಮ ತಾಯಿ, ನನ್ನ ರಕ್ತ ಏನು ನಲ್ಲಿ ನೀರಾ, ತಿರುಗಿಸಿದಾಗೆಲ್ಲ ಬರೋಕೆ?" ಎಂದನಂತೆ ಒಬ್ಬ ಮುದುಕ. ಹಾಗೆಂದರೂ ತೋಳು ಚಾಚಿದ. ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ ಒಪ್ಪಲಿಲ್ಲ. ಬೆಳಿಗ್ಗೆ ಮೂರು ಕಡೆ ಚುಚ್ಚಿದ ಮೇಲೆ ನರ ಸಿಕ್ಕಿದ ಮಗು ಅದು, ಆಗಷ್ಟೇ ನಿದ್ದೆ ಹೋಗಿತ್ತು. "ನೀವು ಯಾರು ಕೇಳೋಕೆ? ಡಾಕ್ಟ್ರಾ?" ಎಂದು ಆಕೆ ಕಿರುಚಿದಳು. "ಅಲ್ಲ. ಕಂಪ್ಯೂಟರ್ ನಿಲ್ಲಿಸೋಳು. ಸರಿಯಾಗಿ ನಿಲ್ಲಿಸ್ಲಿಲ್ಲ," ಎಂದರು ದೊಡ್ಡಮ್ಮ. ಮಗು ತಾನಾಗಿ ಏಳುವ ತನಕ ಎಬ್ಬಿಸುವುದು ಬೇಡವೆಂದು ಜೊತೆಗಿದ್ದ ವೈದ್ಯೆಯನ್ನು ಬೇಡಿಕೊಂಡು, ಆ ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಮಗು ಎದ್ದ ಮೇಲೆ, ಎರಡನೆಯ ಸಲ ಚುಚ್ಚುವಾಗ ಅದರ ಕೈ ಹಿಡಿದುಕೊಂಡವರು ದೊಡ್ಡಮ್ಮನೇ.

ಮರುದಿನ ಅವರು ಭಾವನ ಮೂಲ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿ, ಗುರುತು ಹುಡುಕುವ ಆ ಒಂದು ಸಾಲನ್ನು ಕಂಡುಕೊಂಡರು. ಆ ದಿನದಿಂದ ನಮ್ಮ ಆಸ್ಪತ್ರೆಯಲ್ಲಿ ಎರಡು ಪದ್ಧತಿಗಳು ನಡೆದುಕೊಂಡು ಬಂದಿವೆ. ಒಂದು, ಪ್ರತಿ ಋತುವಿಗೆ ಒಮ್ಮೆ, ಹಗಲಿನ ಬೆಳಕಿನಲ್ಲಿ, ಎಲ್ಲರೂ ಎಚ್ಚರವಿರುವ ಹೊತ್ತಿನಲ್ಲಿ, ಪ್ರತಿ ವಿಭಾಗಕ್ಕೂ ಮೊದಲೇ ಫೋನು ಮಾಡಿ ತಿಳಿಸಿ, ಇರುವ ಎಲ್ಲ ಯಂತ್ರಗಳನ್ನೂ ಬೇಕೆಂದೇ ಮಲಗಿಸಿ ಏಳಿಸುವುದು. ಇನ್ನೊಂದು, ಹೊಸದಾಗಿ ಏನನ್ನು ಯಾರೇ ತಂದರೂ ಅವರು ತೋರಿಸುವುದನ್ನೆಲ್ಲ ತಾಳ್ಮೆಯಿಂದ ನೋಡಿ, ಕಾಫಿ ಕೊಟ್ಟು, ಕೊನೆಗೆ ಒಂದೇ ಮಾತು ಹೇಳುವುದು: "ಈಗ ನಿಲ್ಲಿಸಿ ತೋರಿಸಿ." ಕೈಯಿಂದಲ್ಲ. ತುಂಬು ಕೆಲಸದ ನಡುವೆ, ಇಡೀ ಯಂತ್ರವನ್ನು ಮಲಗಿಸಿ.

ಎಕ್ಸ್‌ರೇ ಚಿತ್ರಗಳ ಹೊಸ ಯಂತ್ರ ಬಂದ ದಿನ ನಾನು ಅಲ್ಲಿದ್ದೆ. ಮಾರಲು ಬಂದಿದ್ದ ಇಂಜಿನಿಯರು ಉತ್ಸಾಹದ ಮನುಷ್ಯ.

"ಮೇಡಂ, ಇದು ನಿಲ್ಲೋದೇ ಇಲ್ಲ. ಏನಾದ್ರೂ ಬಿದ್ರೆ ತಾನೇ ಎತ್ತಿ ನಿಲ್ಲಿಸತ್ತೆ."

"ಬಿದ್ರೆ ಏಳೋದು ಒಳ್ಳೇದೇ. ಮಲಗು ಅಂದ್ರೆ ಮಲಗತ್ತಾ?"

"ಹಳೇ ಕಾಲದ ಹಾಗೆ ಸ್ಕ್ರಿಪ್ಟ್ ಗೋಜೇ ಇಲ್ಲ ಇದರಲ್ಲಿ. ಯೂನಿಟ್ ಫೈಲ್ ಅಂತ. ಒಬ್ಬನೇ ಮೇಲ್ವಿಚಾರಕ, ಎಲ್ಲರನ್ನೂ ಒಟ್ಟಿಗೇ ಎಬ್ಬಿಸ್ತಾನೆ, ಎಲ್ಲರ ಮೇಲೂ ಕಣ್ಣಿಟ್ಟಿರ್ತಾನೆ."

ದೊಡ್ಡಮ್ಮ ಆ ಫೈಲು ತೆರೆದರು. ಏಳಿಸುವ ಸಾಲಿನಲ್ಲಿ ಇದ್ದದ್ದು ಹಳೆಯ ಸ್ಕ್ರಿಪ್ಟೊಂದರ ಹೆಸರು. ಮೇಲ್ವಿಚಾರಕ ಅದನ್ನೇ ಕರೆದು ಕೆಲಸ ಮಾಡಿಸುತ್ತಿದ್ದ.

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತಲ್ಲಪ್ಪ ಇದು," ಎಂದರು ದೊಡ್ಡಮ್ಮ. ಯಂತ್ರಕ್ಕೆ ಹೆಸರು ಅಲ್ಲೇ ಬಿತ್ತು. ಬಂದವನೇ ಮನೆಯ ಯಜಮಾನಿಕೆಗೆ ಕೂತ ಅಳಿಯ. "ಸರಿ, ನಿಲ್ಲಿಸಿ ತೋರಿಸಿ."

ಇಂಜಿನಿಯರು ಗಡಿಯಾರ ನೋಡಿಕೊಂಡರು. ಆದರೂ ನಿಲ್ಲಿಸಿದರು. ಅಳಿಯ ಒಂದೂವರೆ ನಿಮಿಷ ಕಾದು, ಇನ್ನೂ ಚಿತ್ರಗಳನ್ನು ಬರೆಯುತ್ತಿದ್ದ ಕೆಲಸವನ್ನು ಕತ್ತು ಹಿಸುಕಿ ಮುಗಿಸಿದ. ಮತ್ತೆ ಏಳಿಸಿದಾಗ ಕೊನೆಯ ಚಿತ್ರದಲ್ಲಿ ಯಾರದೋ ಎದೆಗೂಡು ಅರ್ಧಕ್ಕೇ ನಿಂತಿತ್ತು. ಇಂಜಿನಿಯರು ಕಾಫಿ ಲೋಟ ಕೆಳಗಿಟ್ಟರು. ಕಾಯುವ ಅವಧಿಯನ್ನು ಹಿಗ್ಗಿಸಿ, ಇನ್ನೊಮ್ಮೆ ನಿಲ್ಲಿಸಿ, ಎದೆಗೂಡು ಪೂರ್ತಿ ಬಂದದ್ದನ್ನು ನೋಡಿದ ಮೇಲೆಯೇ ದೊಡ್ಡಮ್ಮ ಅವರನ್ನು ಬಿಟ್ಟದ್ದು. ಹೋಗುವಾಗ ಅವರು ನನ್ನ ಕಿವಿಯಲ್ಲಿ, "ನಿಮ್ಮ ಮೇಡಂ ಮನೇಲೂ ಹೀಗೇನಾ?" ಎಂದರು.

ಮನೆಯಲ್ಲೂ ಹೀಗೆಯೇ ಎಂದು ಅವರ ಯಜಮಾನರು ಸಾಕ್ಷಿ ಹೇಳುತ್ತಾರೆ. ಆಸ್ಪತ್ರೆಯ ಗೇಟಿನ ಎದುರಿಗೆ ಅವರ ದರ್ಜಿ ಅಂಗಡಿ. ನಮ್ಮ ವೈದ್ಯರು, ದಾದಿಯರು ತೊಡುವ ಬಿಳಿ ಕೋಟುಗಳೆಲ್ಲ ಅವರ ಕೈಯವು. "ದೀಪ ಆರಿಸೋದಕ್ಕೂ ಇವಳದ್ದು ಒಂದು ಕ್ರಮ ಕಣಮ್ಮ. ಅಡುಗೆಮನೇದು ಮೊದಲು, ನನ್ನ ತಲೆ ಮೇಲಿನದು ಕೊನೆಗೆ. ನನಗೆ ಯಾವ ನಂಬರ್ ಕೊಟ್ಟಿದ್ದಾಳೋ!"

"ಕೊನೇಲಿ ಮಲಗೋರು ಮೊದಲು ಏಳ್ಬೇಕು ಅಂತ ನಿಯಮ," ಎಂದರು ದೊಡ್ಡಮ್ಮ. "ಇವರ ಒಂದು ಸ್ಕ್ರಿಪ್ಟ್ ಮಾತ್ರ ನನ್ನ ಕೈಲಿ ತಿದ್ದೋಕಾಗ್ಲಿಲ್ಲ."

ಅವರ ಕೈಕೆಳಗೆ ಕೆಲಸ ಮಾಡಿದವರು ಪಡೆದ ಉಪಕಾರಗಳನ್ನೆಲ್ಲ ಬರೆಯಹೊರಟರೆ ಈ ಗ್ರಂಥ ಸಾಲದು. ಒಂದನ್ನು ಹೇಳುತ್ತೇನೆ. ನೆಲ ಒರೆಸುವ ಯಂತ್ರಕ್ಕೆ ಸಾಕೆಟ್ಟು ಬೇಕಾಗಿ ಕೋಣೆಯ ಸ್ವಚ್ಛತೆಯಾಕೆ ಒಂದು ದಿನ ಚಿಕ್ಕಜ್ಜಿಯ ಪ್ಲಗ್ಗನ್ನೇ ಎಳೆದುಬಿಟ್ಟಳು. ಔಷಧ ವಿಭಾಗದಲ್ಲಿ ಹಾಹಾಕಾರ. ಆಕೆಯನ್ನು ಕೆಲಸದಿಂದ ತೆಗೆಯಬೇಕೆಂಬ ಮಾತು ಮಧ್ಯಾಹ್ನದೊಳಗೆ ಮೇಲಿನಿಂದ ಇಳಿಯಿತು. ದೊಡ್ಡಮ್ಮ ಆಕೆಯನ್ನು ಮುಂದಿಟ್ಟುಕೊಂಡು ಮೇಲೆ ಹೋದರು. "ಇವರು ಸಾಕೆಟ್ ಹುಡುಕಿದ್ರು. ನಾವು ಇಟ್ಟಿರಲಿಲ್ಲ. ಯಾವ ಪ್ಲಗ್ ಯಾವುದು ಅಂತ ಬರೆದೂ ಇರಲಿಲ್ಲ. ಇವರನ್ನ ತೆಗೆಯೋದಾದ್ರೆ ನನ್ನಿಂದ ಶುರು ಮಾಡಿ, ನಂಬರ್ ಪ್ರಕಾರ," ಎಂದರು. ಇಂದು ಆ ಬಾಗಿಲ ಪಕ್ಕ, ಬಗ್ಗದೆ ಸಿಗುವ ಎತ್ತರದಲ್ಲಿ ಬೇರೆಯದೇ ಸಾಕೆಟ್ಟು ಇದೆ. ಆಕೆ ಈಗಲೂ ಇದ್ದಾಳೆ. ಈ ಅಭಿನಂದನ ಸಮಾರಂಭಕ್ಕೆ ಎಲ್ಲರಿಗಿಂತ ಮೊದಲು ವಂತಿಗೆ ತಂದುಕೊಟ್ಟವಳು ಅವಳೇ.

ನನ್ನ ಮೊದಲ ಶಟ್‌ಡೌನ್ ದಿನ ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ದೊಡ್ಡಮ್ಮ ಪಕ್ಕದಲ್ಲಿ ನಿಂತು, "ನಿಲ್ತಾ ಇದೆಯೋ, ಸಿಕ್ಕಾಕ್ಕೊಂಡು ನೇತಾಡ್ತಾ ಇದೆಯೋ, ಎರಡೂ ಪರದೆ ಮೇಲೆ ಒಂದೇ ಥರ ಕಾಣತ್ತೆ. ಹೆದರಿಕೆ ಆದಾಗ ಪರದೆ ನೋಡ್ಬೇಡ. ಅದು ಬರೀತಿರೋ ಫೈಲ್ ನೋಡು. ಬೆಳೀತಿದ್ರೆ ಕಾಯಿ," ಎಂದರು. ಆ ದಿನ ಹೆದರುವಂಥದ್ದೇನೂ ಆಗಲಿಲ್ಲ. ಮಾತು ಹಾಗೆಯೇ ಒಳಗೆಲ್ಲೋ ಕುಳಿತಿತು.

ಹೋದ ವರ್ಷದಿಂದ ಯಜಮಾನರ ಕಣ್ಣು ಮಂದವಾಗುತ್ತ ಬಂದಿದೆ. ನಮ್ಮ ಆಸ್ಪತ್ರೆಯ ಕಣ್ಣಿನ ವೈದ್ಯರೇ ನೋಡಿದರು. ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು. ಹೊಲಿಗೆ ಯಂತ್ರವನ್ನು ಅವರು ಕೈಯ ಅಂದಾಜಿನಲ್ಲೇ ಓಡಿಸುತ್ತಾರೆ. ಸೂಜಿಗೆ ದಾರ ಪೋಣಿಸಲಾರರು, ಗುಂಡಿಯ ಜಾಗ ಕಾಣದು. ಅಂಗಡಿ ಮುಚ್ಚುತ್ತೇನೆ ಎಂದರಂತೆ. "ನಾನು ರಿಟೈರ್ ಆಗೋ ತನಕ ಮುಚ್ಬೇಡಿ. ಆಮೇಲೆ ನಾನೇ ಬಂದು ಕೂತ್ಕೋತೀನಿ," ಎಂದರಂತೆ ದೊಡ್ಡಮ್ಮ. ಅಂದಿನಿಂದ ಸಂಜೆಯ ಹೊತ್ತು ಗುಂಡಿ ಹೊಲಿಯುವುದು ಅವರ ಪಾಲಿಗೆ ಬಂದಿದೆ. ಇದನ್ನು ನನಗೆ ಹೇಳಿದವರು ಯಜಮಾನರು. ದೊಡ್ಡಮ್ಮ ಆಸ್ಪತ್ರೆಯಲ್ಲಿ ಇದರ ಬಗ್ಗೆ ಯಾರಲ್ಲೂ ಒಂದು ಮಾತೂ ಆಡಲಿಲ್ಲ, ಇನ್ನೆರಡು ವರ್ಷ ಇರಬೇಕೆಂದು ನಿರ್ದೇಶಕರು ಕೋಣೆಗೇ ಬಂದು ಕೇಳಿಕೊಂಡಾಗಲೂ.

ನಿರ್ದೇಶಕರು ಕೆಟ್ಟವರಲ್ಲ. ಅವರಿಗೆ ಭಯವಿತ್ತು. "ನೀವು ಹೋದ ಮೇಲೆ ಇವನ್ನ ಮುಟ್ಟೋಕೆ ಯಾರಿಗೆ ಧೈರ್ಯ ಇದೆ ಮೇಡಂ?"

"ಯಾರಿಗೂ ಧೈರ್ಯ ಇಲ್ಲ ಅಂದ್ರೆ ನಾನು ಇಷ್ಟು ವರ್ಷ ಮಾಡಿದ್ದು ಕೆಲಸ ಅಲ್ಲ ಸಾರ್," ಎಂದರು ದೊಡ್ಡಮ್ಮ. ನನ್ನ ಕಡೆ ಕೈ ತೋರಿಸಿದರು. "ಹೊಸ ಫಲಕ ಕೂರಿಸೋ ಭಾನುವಾರ ಇವಳು ನಿಲ್ಲಿಸಿ ತೋರಿಸ್ತಾಳೆ. ನಾನು ಹೊರಗೆ ಕೂತಿರ್ತೀನಿ. ನನ್ನ ಕೈ ಬೇಕಾದ್ರೆ ಎರಡು ವರ್ಷ ನಿಮ್ಮದು."

ನನ್ನನ್ನು ಯಾರೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಕೋಟುಗಳ ಗಂಟಿನೊಂದಿಗೆ ಬಂದರು. "ಕೈ ಸುಮ್ನಿದ್ರೆ ಕೀಬೋರ್ಡ್ ಕಡೆ ಹೋಗತ್ತೆ," ಎಂದು ಬೆಂಚಿನ ಮೇಲೆ ಕುಳಿತರು. ನಾನು ಪ್ರತಿ ವಿಭಾಗಕ್ಕೂ ಫೋನು ಮಾಡಿದೆ. ವಾರ್ಡುಗಳು ಜನರೇಟರಿಗೆ ಹೋದವು. ಅಳಿಯ ಮಲಗಿದ. ಚಿಕ್ಕಜ್ಜಿ ಮಲಗಿದಳು. ಮೂರನೆಯವನು ಭಾವ. ಎಲ್ಲರಿಗೂ ರೋಗಿಗಳ ಸಂಖ್ಯೆ ಕೊಡುವವನು ಅಜ್ಜನಾದ್ದರಿಂದ ಭಾವ ಪೂರ್ತಿ ನಿಲ್ಲದೆ ಅಜ್ಜನನ್ನು ಮಲಗಿಸುವಂತಿಲ್ಲ. ಭಾವನ ಪರದೆಯ ಮೇಲೆ ಚುಕ್ಕೆಗಳು ಮೂಡುತ್ತಲೇ ಇದ್ದವು.

ಆಗಲೇ ನಿರ್ದೇಶಕರು ಪ್ಲಗ್ ಕೀಳೆಂದದ್ದು, ನಾನು ಬೆಂಚಿನ ಕಡೆ ತಿರುಗಿದ್ದು. ಅದು ಮೊದಲ ಸಲವಲ್ಲ. ಚುಕ್ಕೆ ಶುರುವಾದಾಗಲೇ ಒಮ್ಮೆ ನೋಡಿದ್ದೆ. ಸೂಜಿ ಹೋಗಿ ಬರುತ್ತಿತ್ತು.

"ಮೇಡಂ," ಎಂದು ನಿರ್ದೇಶಕರೇ ಬಾಗಿಲಿಗೆ ಹೋಗಿ ಕರೆದರು, "ಒಂದು ಸಲ ಬಂದು ನೋಡಿಬಿಡಿ. ಒಂದೇ ನಿಮಿಷ."

ದೊಡ್ಡಮ್ಮ ಕೋಟಿನ ಗುಂಡಿಗೆ ಮಾತ್ರ ಗಂಟು ಹಾಕಿದರು. ನಾನು ಮೂರನೆಯ ಸಲ ನೋಡಿದೆ. ಅವರ ತುಟಿ ಬಿಗಿದಿತ್ತು. ಮೇಲಿನ ವಾರ್ಡುಗಳಲ್ಲಿ ಬೆಳಿಗ್ಗೆ ರಕ್ತ ಕೊಟ್ಟವರು ಮಲಗಿದ್ದಾರೆ, ಆ ಫಲಿತಾಂಶಗಳು ಈ ಪೆಟ್ಟಿಗೆಯೊಳಗಿವೆ ಎಂಬುದು ನನಗಿಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕುಳಿತಿದ್ದರು. ಆಗ ನನಗೆ ಅವರ ಮೊದಲ ದಿನದ ಮಾತು ನೆನಪಾಯಿತು.

ಮೊದಲೇ ತೆರೆದಿಟ್ಟಿದ್ದ ಇನ್ನೊಂದು ಕಿಟಕಿಗೆ ಹೋದೆ. ಫಲಿತಾಂಶದ ಫೈಲಿನ ಅಳತೆ ಕೇಳಿದೆ. ಹತ್ತು ಎಣಿಸಿ ಮತ್ತೊಮ್ಮೆ ಕೇಳಿದೆ. ಸಂಖ್ಯೆ ದೊಡ್ಡದಾಗಿತ್ತು.

"ಕೀಳಬೇಡಿ ಸಾರ್. ಬೆಳೀತಾ ಇದೆ."

"ಏನು ಬೆಳೀತಾ ಇದೆ?"

"ಬರೀತಾ ಇದೆ ಸಾರ್. ಬೆಳಿಗ್ಗೆಯ ರಕ್ತದ ಫಲಿತಾಂಶ ಎಲ್ಲ ಬರೀತಾ ಇದೆ. ಇವತ್ತು ತುರ್ತು ಪರೀಕ್ಷೆ ಜಾಸ್ತಿ ಇತ್ತು. ಮುಗಿಯೋ ತನಕ ಪ್ಲಗ್ ಮುಟ್ಟೋ ಹಾಗಿಲ್ಲ."

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ವೈರ್‌ಮನ್ನರು ಹಿಡಿಕೆಯಿಂದ ಕೈ ತೆಗೆದರು. "ಹೆರೋಳಿಗಿಲ್ಲದ ಅವಸರ ಸೂಲಗಿತ್ತಿಗ್ಯಾಕೆ ಸಾರ್? ನಾನು ಒಂದು ಟೀ ಕುಡ್ದು ಬರ್ತೀನಿ." ನಿರ್ದೇಶಕರು ಕುರ್ಚಿ ಎಳೆದುಕೊಂಡು ಕುಳಿತರು. ಟೀ ಮುಗಿಯುವ ಮೊದಲೇ ಚುಕ್ಕೆಗಳ ಸಾಲು ಮುಗಿಯಿತು. ಭಾವ ಮಲಗಿದ. ಕೊನೆಗೆ ಅಜ್ಜ. ಹಿಡಿಕೆ ಕೆಳಗಿಳಿಯಿತು. ಅಷ್ಟು ವರ್ಷಗಳಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ. ಬಿಸಿ ಗೋಡೆಯ ಆಚೆ ಬಟ್ಟೆಯೊಳಗೆ ನೀರು ತಿರುಗುವ ಸದ್ದು ಮಾತ್ರ ಇತ್ತು.

ಮಧ್ಯಾಹ್ನ ಹೊಸ ಫಲಕಕ್ಕೆ ವಿದ್ಯುತ್ತು ಬಂತು. ಅಜ್ಜನನ್ನು ಮೊದಲು ಎಬ್ಬಿಸಿದೆ. ಅವನು ಸಂಖ್ಯೆ ಎಣಿಸುತ್ತ ನಿಧಾನವಾಗಿ ಎದ್ದ. ಭಾವ ಎದ್ದು ತನ್ನ ಗುರುತು ಇಟ್ಟುಕೊಂಡದ್ದನ್ನು ನೋಡಿದೆ. ಚಿಕ್ಕಜ್ಜಿ ಸದ್ದಿಲ್ಲದೆ ಎದ್ದಳು, ಅಳಿಯ ಎಲ್ಲ ಕೆಲಸಗಳನ್ನೂ ಒಟ್ಟಿಗೆ ಎಬ್ಬಿಸಿ ಗದ್ದಲ ಮಾಡಿದ. ಮೇಲಿನಿಂದ ಪ್ರಯೋಗಾಲಯದ ಮುಖ್ಯಸ್ಥೆಯ ಫೋನು ಬಂತು. ಬೆಳಿಗ್ಗೆಯ ಫಲಿತಾಂಶಗಳನ್ನು ಅವರು ಒಂದೊಂದಾಗಿ ತಾಳೆ ನೋಡಿದ್ದರು. ಎಲ್ಲವೂ ಇದ್ದವು. ಯಾರ ತೋಳಿಗೂ ಎರಡನೆಯ ಸಲ ಸೂಜಿ ಚುಚ್ಚಬೇಕಿರಲಿಲ್ಲ.

ಇಂಥ ಲೇಖನದ ಕೊನೆಯಲ್ಲಿ ಹಿರಿಯರಿಗೆ ದೀರ್ಘಾಯುಷ್ಯವನ್ನೂ, ಅವರ ಸೇವೆ ಹೀಗೆಯೇ ಮುಂದುವರಿಯಲಿ ಎಂಬುದನ್ನೂ ಹಾರೈಸಬೇಕೆಂದು ಸಂಪಾದಕರು ತಿಳಿಸಿದ್ದಾರೆ. ಮೊದಲನೆಯದನ್ನು ಮನಃಪೂರ್ವಕವಾಗಿ ಹಾರೈಸುತ್ತೇನೆ. ದೊಡ್ಡಮ್ಮನವರೂ ಅವರ ಯಜಮಾನರೂ ನೂರು ಕಾಲ ಇರಲಿ. ಅವರ ಮನೆಯ ದೀಪಗಳು ಅವರಿಗೆ ಬೇಕಾದ ಕ್ರಮದಲ್ಲೇ ಉರಿದು ಆರಲಿ. ಅಂಗಡಿಯ ಸೂಜಿಗೆ ದಾರ ಎಂದೂ ತಪ್ಪದಿರಲಿ. ಎರಡನೆಯದನ್ನು ಹಾರೈಸುವ ಅಧಿಕಾರ ನನಗಿಲ್ಲ. ಅದಕ್ಕೆ ಅವರು ಆ ಸಂಜೆಯೇ ಉತ್ತರ ಕೊಟ್ಟಿದ್ದಾರೆ. ಕೇಳಿಸಿಕೊಂಡದ್ದನ್ನು ಬರೆದು ಮುಗಿಸುತ್ತೇನೆ.

ನಿರ್ದೇಶಕರು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು.

"ನಾವು ಮಾಡ್ಕೊಂಡ ಮಾತಿನಲ್ಲಿ ನೀವೇ ಗೆದ್ರಿ ಮೇಡಂ," ಎಂದರು. "ಆದ್ರೂ ಒಂದು ಕೇಳ್ತೀನಿ. ಕೆಲಸ ಎಲ್ಲ ಇವಳೇ ಮಾಡ್ಲಿ. ನೀವು ಕೋಣೆ ಒಳಗೆ ಬರೋದೂ ಬೇಡ. ಇದೇ ಬೆಂಚು. ಇವತ್ತಿನ ಹಾಗೆ ಗುಂಡಿ ಹೊಲೀತಾ ಕೂತಿರಿ, ಸಾಕು. ನನಗೊಂದು ಧೈರ್ಯ."

ದೊಡ್ಡಮ್ಮ ಹಲ್ಲಿನಿಂದ ದಾರ ಕಡಿದರು. "ಬೆಳಿಗ್ಗೆ ಇವಳು ಈ ಬೆಂಚಿನ ಕಡೆ ಮೂರು ಸಲ ನೋಡಿದ್ಲು ಸಾರ್. ಮಧ್ಯಾಹ್ನ ಒಂದು ಸಲಾನೂ ನೋಡ್ಲಿಲ್ಲ."

"ಅದಕ್ಕೇ ಹೇಳಿದ್ದು. ನಿಮಗೆ ಶ್ರಮಾನೇ ಇರಲ್ಲ."

"ನಾನಿದ್ರೆ ಮತ್ತೆ ನೋಡೋಕೆ ಶುರು ಮಾಡ್ತಾಳೆ."

"ಒಂದು ವರ್ಷ?"

ಅವರು ಕೋಟು ಕೊಡವಿ ನಾಲ್ಕು ಮಡಿಕೆ ಮಡಿಸಿದರು. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದರು.

"ಹೋಗ್ಲಿ ಮೇಡಂ, ಆರು ತಿಂಗಳು. ಅದೂ ಬೇಡ, ವಾರಕ್ಕೆ ಒಂದೇ ಒಂದು ದಿನ. ಗೇಟ್ ಎದುರಿಗೇ ಅಲ್ವಾ ನಿಮ್ಮ ಅಂಗಡಿ?"

ದೊಡ್ಡಮ್ಮ ಗಂಟು ಕಂಕುಳಿಗೇರಿಸಿ ಎದ್ದು ನಿಂತರು.

"ಇಲ್ಲ ಸಾರ್," ಎಂದರು. "ಬರಲ್ಲ."